ಆಡಿನ ಚರ್ಮದ ಲ್ಯಾಟಿನ್ ಪುಸ್ತಕವೂ ಬೈಂಡರ್ ಧರ್ಮಪ್ಪನೂ

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ಆರಡಿ ಅಗಲ, ಹತ್ತಡಿ ಉದ್ದದ ಒಂದು ಸಾಮ್ರಾಜ್ಯವಿತ್ತು. ಅದರ ಚಕ್ರವರ್ತಿಯೂ ಸೇನಾಪತಿಯೂ ಬೆಳಿಗ್ಗೆ ಕಸ ಗುಡಿಸುವವನೂ ಒಬ್ಬನೇ: ಬೈಂಡರ್ ಧರ್ಮಪ್ಪ. ಆಯುಧಶಾಲೆಯಲ್ಲಿ ಒಂದು ದಬ್ಬಳ, ಹಾಳೆ ಮಡಚಲು ಕೋಣದ ಕೊಂಬಿನ ತುಂಡು, ಮೇಣ ತಿಕ್ಕಿದ ದಾರದ ಉಂಡೆ, ಮೂಲೆಯಲ್ಲಿ ತಿರುಪು ತಿರುಗಿಸಿ ಒತ್ತುವ ಒಂದು ಹಳೇ ಕಬ್ಬಿಣದ ಪ್ರೆಸ್ಸು. ಮದ್ದುಗುಂಡು ಮನೆಯಿಂದ ಬರುತ್ತಿತ್ತು. ಹೆಂಡತಿ ಪದ್ಮಮ್ಮ ದಿನಾ ಬೆಳಿಗ್ಗೆ ಮೈದಾಹಿಟ್ಟಿಗೆ ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಅಂಟು ಕುದಿಸುತ್ತಿದ್ದಳು. ಅದೇ ಒಲೆಯ ಮೇಲೆ ಆಮೇಲೆ ಉಪ್ಪಿಟ್ಟು. ಮೂವತ್ತು ವರ್ಷದಲ್ಲಿ ಡಬ್ಬಿ ಅದಲುಬದಲಾದದ್ದು ಒಂದೇ ಸಲ. ಅಂದು ಉಪ್ಪಿಟ್ಟಿನಲ್ಲಿ ಅಂಟಿಸಿದ ಅಡಿಕೆ ಮಂಡಿಯ ರಿಜಿಸ್ಟರು ಇನ್ನೂ ಬಿಟ್ಟಿಲ್ಲವೆಂದು ಧರ್ಮಪ್ಪ ಎದೆ ತಟ್ಟಿ ಹೇಳುತ್ತಿದ್ದ.

ಸೊಸೈಟಿಯ ಲೆಡ್ಜರು, ವಕೀಲರ ಕಾನೂನು ಪುಸ್ತಕ, ಕಾಲೇಜು ಲೈಬ್ರರಿಯ ಬೆನ್ನು ಮುರಿದ ಕಾದಂಬರಿ, ಎಲ್ಲವೂ ಅವನ ಆಸ್ಪತ್ರೆಗೆ ಬರುತ್ತಿದ್ದವು. ಅವನ ಹೆಬ್ಬೆರಳಿಗೆ ಊರಲ್ಲಿ ಹೆಸರಿತ್ತು. ಕಣ್ಣು ಮುಚ್ಚಿ ಹಾಳೆ ಸವರಿ, ಇದು ಬಿದಿರಿನದು, ಇದು ಚಿಂದಿ ಬಟ್ಟೆಯದು, ಇದು ನೆನೆದು ಒಣಗಿದ್ದು ಎನ್ನುತ್ತಿದ್ದ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದ ಒಬ್ಬರು ಪಂಥ ಕಟ್ಟಿ ಹನ್ನೊಂದು ಬಗೆಯ ಕಾಗದ ಕೊಟ್ಟಿದ್ದರು. ಧರ್ಮಪ್ಪ ಹನ್ನೊಂದನ್ನೂ ಹೇಳಿ, "ಇದನ್ನ ತಂದ ಚೀಲದಲ್ಲಿ ಮೊದಲು ಒಣಮೀನಿತ್ತು ಸಾರ್" ಎಂದು ಹನ್ನೆರಡನೆಯದನ್ನೂ ಸೇರಿಸಿದ್ದ. ಆ ನಿವೃತ್ತರು ಮತ್ತೆ ಆ ಓಣಿಗೆ ಬರಲಿಲ್ಲ.

ಇಷ್ಟು ಬಾಯಿರುವ ಧರ್ಮಪ್ಪ ಒಂದು ಪ್ರಶ್ನೆಗೆ ಮಾತ್ರ ಮೂಕನಾಗುತ್ತಿದ್ದ. "ನಿಮ್ಮಪ್ಪಾನೂ ಇದೇ ಕೆಲಸಾನಾ?" ಎಂದು ಯಾರಾದರೂ ಕೇಳಿದರೆ, "ಹೊಳೆಹೊನ್ನೂರಲ್ಲಿ ಏನೋ ಸಣ್ಣ ಕೆಲಸ" ಎಂದು ದಾರದ ಗಂಟಿನಲ್ಲಿ ತಲೆ ಹುದುಗಿಸುತ್ತಿದ್ದ. ಅವನಪ್ಪ ದುರ್ಗಪ್ಪ ಸುತ್ತಿನ ಹಳ್ಳಿಗಳ ತಮಟೆಗೆ, ಡೊಳ್ಳಿಗೆ ಚರ್ಮ ಬಿಗಿಯುತ್ತಿದ್ದವನು. ಧರ್ಮಪ್ಪ ಹದಿನಾಲ್ಕರವರೆಗೆ ಅವನ ಜೊತೆ ಸುಣ್ಣದ ನೀರಲ್ಲಿ ನೆನೆಸಿದ ಆಡಿನ ಚರ್ಮದಿಂದ ಕೂದಲು ಹೆರೆದಿದ್ದ. ದೊಡ್ಡವರ ಮನೆಯ ಪುಸ್ತಕ ಮುಟ್ಟುವ ಕೈ ಮೊದಲು ಏನು ಮುಟ್ಟಿತ್ತೆಂದು ಗಿರಾಕಿಗಳಿಗೆ ಹೇಳುವ ಅಗತ್ಯವೇನು ಎಂಬುದು ಚಕ್ರವರ್ತಿಯ ರಾಜನೀತಿ.

೧೯೯೮ರ ಸಂಕ್ರಾಂತಿ ಕಳೆದ ವಾರ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಮಲ್ಲಿಕ್ ಸ್ಕೂಟರಿನಲ್ಲಿ ಬಂದು ಓಣಿಯ ಬಾಯಲ್ಲೇ ನಿಂತ.

"ಧರ್ಮಪ್ಪ, ಭದ್ರಾವತಿಗೆ ಬರ್ಬೇಕು. ನಮ್ಮ ದೇವರ ಮನೇಲಿ ಒಂದು ಪುಸ್ತಕ ಇದೆ. ಅಪ್ಪ ಅದನ್ನ ಹೊಸ್ತಿಲು ದಾಟ್ಸಲ್ಲ."

"ಪುಸ್ತಕ ಬರಲ್ಲ ಅಂದ್ರೆ ಆಸ್ಪತ್ರೇನೇ ಬರ್ಬೇಕಾಯ್ತು. ಏನು ಪುಸ್ತಕ ಸಾರ್?"

"ಲ್ಯಾಟಿನ್ ಅಂತೆ. ಭಾನುವಾರ ಮಂಗಳೂರು ಕಡೆಯ ಒಬ್ರು ಫಾದರ್ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಅದಕ್ಕೆ ಒಳ್ಳೆ ಬಟ್ಟೆ ಹಾಕ್ಬೇಕು ಅಂತ ಅಪ್ಪನ ಹಟ."

ಗುರುವಾರ ಬೆಳಿಗ್ಗೆ ಧರ್ಮಪ್ಪ ಅಂಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದ. ದಂಡಯಾತ್ರೆ ಹೊರಟ ಅರಸನಿಗೆ ಕಂಡಕ್ಟರು, "ಏನ್ರೀ ಅದು, ಪಾಯಸಾನಾ?" ಎಂದು ಕೇಳಿದ್ದೊಂದೇ ಅಪಶಕುನ.

ಹಳೇನಗರದ ಆ ಮನೆಯ ಯಜಮಾನ, ಮಲ್ಲಿಕನ ಅಪ್ಪ ಪರಮೇಶ್ವರಪ್ಪನವರು ಗದ್ದೆ, ತೋಟ, ಹಂಚಿನ ವ್ಯಾಪಾರ ಮೂರನ್ನೂ ನಡೆಸಿ ಈಗ ಬರೀ ಗತ್ತನ್ನು ನಡೆಸುತ್ತಿದ್ದವರು. ಪುಸ್ತಕ ಆ ಮನೆಗೆ ಬಂದ ಕಥೆಯನ್ನು ಅವರು ಕೈಕಾಲು ತೊಳೆದು ಕೂತು ಹೇಳಿದರು. ಕಬ್ಬಿಣದ ಕಾರ್ಖಾನೆ ಹೊಸದಾಗಿ ಎದ್ದ ಕಾಲದಲ್ಲಿ ಅವರ ಅಜ್ಜ ಅಲ್ಲಿಗೆ ಗಾಡಿಗಳಲ್ಲಿ ಇದ್ದಿಲು ಹೊಡೆಸುತ್ತಿದ್ದರು. ಅಲ್ಲಿದ್ದ ಹಾಫ್‌ಮನ್ ಎಂಬ ಬಿಳಿಯ ಎಂಜಿನಿಯರನಿಗೆ ಮಲೇರಿಯ ಹಿಡಿದು, ಹೊದ್ದಿಸಿದ ನಾಲ್ಕು ಕಂಬಳಿಯೂ ಅವನ ಜೊತೆ ನಡುಗುತ್ತಿದ್ದವಂತೆ. ಅಜ್ಜಿ ಇಪ್ಪತ್ತೊಂದು ದಿನ ಕಷಾಯ ಕುಡಿಸಿ ಅವನನ್ನು ಎಬ್ಬಿಸಿ ಕೂರಿಸಿದಳು. ಊರು ಬಿಡುವಾಗ ಅವನು ಈ ಪುಸ್ತಕವನ್ನು ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟು ತಲೆ ಬಾಗಿಸಿದ. ತಲೆ ಬಾಗಿಸಿ ಕೊಟ್ಟದ್ದು ಶಾಸ್ತ್ರಗ್ರಂಥವೇ ಇರಬೇಕೆಂದು ಮನೆಯವರು ಅದನ್ನು ದೇವರ ಮನೆಯಲ್ಲಿಟ್ಟರು. ಅಂದಿನಿಂದ ಪ್ರತಿ ಆಯುಧಪೂಜೆಗೆ ಅದಕ್ಕೆ ಮೂರು ಬೆರಳ ವಿಭೂತಿ, ಕುಂಕುಮ, ಸೇವಂತಿಗೆ.

"ಮೂರು ಕಡೆ ನೀಟಾಗಿ ಕಟಿಂಗ್ ಹೊಡೀಬೇಕು" ಎಂದು ಪರಮೇಶ್ವರಪ್ಪ ಅಪ್ಪಣೆ ಕೊಟ್ಟರು. "ಮೆರೂನ್ ಕಲರ್ ರೆಕ್ಸಿನ್. ಮೇಲೆ ಚಿನ್ನದ ಅಕ್ಷರದಲ್ಲಿ 'ಶ್ರೀ ಲ್ಯಾಟಿನ್ ಗ್ರಂಥ' ಅಂತ ಒತ್ತು."

ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡ ಧರ್ಮಪ್ಪ ನಡುಮನೆಯ ಜಮಖಾನದ ಮೇಲೆ ಕೂತು ಪುಸ್ತಕವನ್ನು ಮುಂದೆ ಎಳೆದುಕೊಂಡ. ಗೇಣುದ್ದಕ್ಕಿಂತ ಎರಡು ಬೆರಳು ಹೆಚ್ಚು. ರಟ್ಟಿನ ಬದಲು ಹಲಗೆ, ಅದೂ ಹುಳು ಕೊರೆದು ಜರಡಿಯಾದದ್ದು. ಹಲಗೆಯ ಮೇಲಿನ ತೊಗಲು ಬೋಳುತಲೆಯ ಹಾಗೆ ಅಲ್ಲಲ್ಲಿ ಹೊಳೆಯುತ್ತಿತ್ತು. ಮುಚ್ಚಿ ಹಿಡಿಯಲು ಹಿತ್ತಾಳೆಯ ಎರಡು ಕೊಂಡಿಗಳಿದ್ದಲ್ಲಿ ಒಂದೇ ಉಳಿದಿತ್ತು. ಒಳಗೆ ಕಂದು ಮಸಿಯ ಅಕ್ಷರಗಳು ಪಕ್ಕಪಕ್ಕ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಅಲ್ಲಲ್ಲಿ ಕೆಂಪು, ನೀಲಿಯ ಒಂದು ದಪ್ಪಕ್ಷರ ಸಾಲಿನ ಮೊದಲಲ್ಲಿ ಮದುವಣಿಗನ ಗತ್ತಿನಲ್ಲಿ ಕೂತಿತ್ತು. ಗೆರೆ ಎಳೆಯಲು ಗುರುತಿಗಾಗಿ ಪ್ರತಿ ಹಾಳೆಯ ಅಂಚಿನಲ್ಲಿ ಸೂಜಿಮೊನೆಯ ರಂಧ್ರಗಳ ಸಾಲು. ಒಂದು ಹಾಳೆಯ ನಡುವೆ ಕಡಲೆಕಾಳಿನಷ್ಟು ತೂತಿತ್ತು. ಬರೆದವನು ಮುನಿಸಿಕೊಳ್ಳದೆ ಅದನ್ನು ಸುತ್ತುಹಾಕಿ ಮುಂದೆ ಹೋಗಿದ್ದ.

ಧರ್ಮಪ್ಪ ಹಾಳೆಗೆ ಹೆಬ್ಬೆರಳು ಇಟ್ಟ. ಬೆರಳು ನಿಂತುಬಿಟ್ಟಿತು.

ಇದು ಕಾಗದವಲ್ಲ. ಒಂದು ಮಗ್ಗುಲು ಹಳದಿ, ತುಸು ಒರಟು, ಅದರ ಮೇಲೆ ಸಾಲುಸಾಲಾಗಿ ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಇನ್ನೊಂದು ಮಗ್ಗುಲು ಬಿಳುಪು, ಮೊಸರಿನ ಕೆನೆಯ ನುಣುಪು. ನಲವತ್ತು ವರ್ಷ ಹಿಂದಿನ ಸುಣ್ಣದ ಬಾನಿಯ ವಾಸನೆ ಮೂಗಿಗೆ ಬಂದ ಹಾಗಾಯಿತು. ಹಳದಿ ಮಗ್ಗುಲು ಕೂದಲಿದ್ದದ್ದು, ಬಿಳಿ ಮಗ್ಗುಲು ಮಾಂಸಕ್ಕೆ ಅಂಟಿದ್ದದ್ದು. ಚುಕ್ಕಿ ಸಾಲುಗಟ್ಟಿದ್ದರಿಂದ ಕರುವಲ್ಲ, ಆಡು. ಮೊಟ್ಟೆಯ ಬಂಡಿಯೂ ಬೀದಿಯ ಆಚೆ ಬದಿಯಲ್ಲೇ ಹೋಗಬೇಕಾದ ಮನೆಯ ದೇವರ ಗೂಡಿನಲ್ಲಿ ಎಪ್ಪತ್ತು ವರ್ಷದಿಂದ ಒಂದು ಮಂದೆ ಆಡು ಗಂಧ ಹಚ್ಚಿಸಿಕೊಂಡು ಕೂತಿತ್ತು.

ಚಕ್ರವರ್ತಿಗೆ ಇಕ್ಕಟ್ಟು. ಹೇಳದೆ ಇದ್ದರೆ ಅಪ್ಪಣೆಯಂತೆ ಕತ್ತರಿಸಿ, ಬಿಸಿ ಅಂಟು ಮೆತ್ತಬೇಕು. ನೀರಿನ ಅಂಟು ತಾಗಿದರೆ ಚರ್ಮ ಹಪ್ಪಳದಂತೆ ಸೊಟ್ಟಗಾಗಿ, ಅಕ್ಷರ ಉದುರಿ, ಪುಸ್ತಕ ಸತ್ತೇಹೋಗುತ್ತದೆ. ಹೇಳಿದರೆ ಯಜಮಾನರು ಅದನ್ನು ಭದ್ರಾ ಹೊಳೆಗೆ ಬಿಡುತ್ತಾರೆ. ಅದಕ್ಕೂ ಮೊದಲು ಕೇಳುತ್ತಾರೆ: ನಿನಗೆ ಹೇಗೆ ಗೊತ್ತು?

ಮೊದಲ ದಿನ ಅವನು ಹೇಡಿಯ ಹಾದಿ ಹಿಡಿದ. "ಯಜಮಾನ್ರೇ, ಕಟಿಂಗ್ ಬೇಡ. ಬರೀ ಹೊಲಿಗೆ ಹಾಕ್ತೀನಿ, ಹಲಗೆ ಭದ್ರ ಮಾಡ್ತೀನಿ."

"ಯಾಕೆ? ಕೈಲಾಗಲ್ವಾ?"

"ಆಗಲ್ಲ ಅಂತಲ್ಲ..."

"ಆಗಲ್ಲ ಅಂದ್ರೆ ಹೇಳು ಮಾರಾಯ. ನಿಮ್ಮ ಶಿವಮೊಗ್ಗದಲ್ಲೇ ಶಿವಶಂಕರಪ್ಪ ಇದ್ದಾನಲ್ಲ, ಕರೆಂಟಿನ ಕಟಿಂಗ್ ಮೆಷಿನ್ ಇಟ್ಟಿದ್ದಾನೆ. ಅವನ ಹತ್ರ ಒಂದು ನಿಮಿಷದ ಕೆಲಸ."

ಶಿವಶಂಕರಪ್ಪ! ಟೆಲಿಫೋನ್ ಡೈರೆಕ್ಟರಿಯನ್ನು ಕತ್ತರಿಸುವಾಗ ಕೊನೆಯ ಅಂಕಿಗಳನ್ನೂ ಕತ್ತರಿಸಿದ ವೀರ! ಆ ಹೆಸರು ಕಿವಿಗೆ ಬಿದ್ದದ್ದೇ ಧರ್ಮಪ್ಪನ ರಾಜನೀತಿ ಮಣ್ಣುಪಾಲಾಯಿತು.

"ಯಜಮಾನ್ರೇ, ಇದು ಕಾಗದ ಅಲ್ಲ. ಚರ್ಮ. ಆಡಿನ ಚರ್ಮ."

ಪರಮೇಶ್ವರಪ್ಪನವರು ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದರು.

"ಎಪ್ಪತ್ತು ವರ್ಷ ನಾವು ಆಡಿಗೆ ವಿಭೂತಿ ಹಚ್ಚಿದ್ದೀವಾ? ಜಗದಾಂಬಾ! ಕೇಳಿದ್ಯೇನೇ? ಈಗ್ಲೇ ಇದನ್ನ ಹೊಳೆಗೆ ಬಿಟ್ಟು ಬರ್ತೀನಿ!"

ಅಡುಗೆಮನೆಯಿಂದ ಅವರ ಹೆಂಡತಿ ಜಗದಾಂಬಾ ಸೌಟು ಹಿಡಿದೇ ಬಂದರು. "ಬಿಟ್ಟು ಬನ್ನಿ. ಹಾಗೇ ಗೋಡೆ ಮೇಲಿರೋ ಶಿವನ ಫೋಟೋನೂ ತಗೊಂಡು ಹೋಗಿ."

"ಅದ್ಯಾಕೆ?"

"ಅವನು ಉಟ್ಟಿರೋದೇನು, ಮಿಲ್ಲಿನ ಪಂಚೇನಾ? ಹುಲಿ ಚರ್ಮ ಉಟ್ಟು, ಆನೆ ಚರ್ಮ ಹೊದ್ದು ಕೂತಿದ್ದಾನೆ. ಅವನಿಗಿಲ್ಲದ ಮಡಿ ನಿಮಗ್ಯಾಕೆ ಮಾರಾಯ್ರೇ? ಮಳೆಗಾಲದಲ್ಲಿ ಒರೆಸೋಕೆ ಹೋದಾಗೆಲ್ಲ ಅದು ಉಸಿರು ಹಿಡಿದವರ ಥರ ಉಬ್ಬಿರ್ತಿತ್ತು. ನನಗೂ ಅನುಮಾನ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೊಳೆಗೆ ಬಿಡ್ತಿದ್ರಿ."

ಶಿವನನ್ನೇ ಸಾಕ್ಷಿಗೆ ಕರೆದ ಮೇಲೆ ಪರಮೇಶ್ವರಪ್ಪನವರಿಗೆ ಹೊಳೆಯ ದಾರಿ ಮುಚ್ಚಿತು. ಆದರೆ ಸಿಟ್ಟು ಎಲ್ಲಾದರೂ ಹೋಗಬೇಕಲ್ಲ, ಅದು ಧರ್ಮಪ್ಪನ ಮೇಲೆ ತಿರುಗಿತು. "ಭಾನುವಾರ ಫಾದರ್ ಬರ್ತಾರೆ. ಅವರು ಚರ್ಮ ಅಂದ್ರೆ ಸರಿ. ಅಲ್ಲ ಅಂದ್ರೆ ನಾನೇ ಗಾಂಧಿ ಬಜಾರಲ್ಲಿ ನಿಂತು ನಿನ್ನ ಬೆರಳಿನ ಮರ್ಯಾದೆ ತೆಗೀತೀನಿ. ನಿನಗೆ ಇದೆಲ್ಲ ಹೇಗೆ ಗೊತ್ತು?"

ಬಂತು ಪ್ರಶ್ನೆ. ಧರ್ಮಪ್ಪ ದಾರದ ಗಂಟು ಬಿಡಿಸತೊಡಗಿದ. "ಕೆಲಸ ಮಾಡ್ತಾ ಮಾಡ್ತಾ ಗೊತ್ತಾಗುತ್ತೆ ಯಜಮಾನ್ರೇ."

ಶುಕ್ರವಾರ ಅವನು ಅಂಟಿನ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಹಳೆಯ ದಾರ ಪುಡಿಯಾಗಿದ್ದಲ್ಲಿ ಮಾತ್ರ, ಹಳೆಯ ತೂತುಗಳಲ್ಲೇ ಹೊಸ ದಾರ ಹಾಯಿಸುತ್ತ ಹೋದ. ಆಗ ಒಂದು ಶಿಸ್ತು ಕಂಡಿತು. ಈ ಪುಸ್ತಕ ಕಟ್ಟಿದವನು ದೊಡ್ಡ ಕಸುಬುದಾರ. ಎಲ್ಲಿ ತೆರೆದರೂ ಎದುರುಬದುರು ಪುಟಗಳು ಒಂದೇ ಬಣ್ಣ: ಹಳದಿಗೆ ಹಳದಿ ಎದುರು, ಬಿಳಿಗೆ ಬಿಳಿ ಎದುರು. ಶನಿವಾರ ಮಧ್ಯಾಹ್ನ, ಇಪ್ಪತ್ತಮೂರನೆಯ ಹಾಳೆಯ ಬಳಿ ಶಿಸ್ತು ಕೆಟ್ಟಿತು. ಬಿಳಿಯ ಎದುರು ಹಳದಿ. ಇಲ್ಲೊಂದು ಹಾಳೆ ಹೋಗಿದೆ. ಮುಂದೆ ಹುಡುಕುತ್ತ ಹೋದರೆ ಅರವತ್ತರ ಆಚೆ ಮತ್ತೊಂದು ಕಡೆ ಅದೇ ಜಗಳ. ಅಲ್ಲಿ ಒಂದು ಒಂಟಿ ಹಾಳೆ, ಕರೆಯದ ಮದುವೆಗೆ ಬಂದ ನೆಂಟನಂತೆ, ಯಾರದೋ ನಡುವೆ ತೂರಿಕೊಂಡಿತ್ತು. ಅದರ ಮೂಲೆಯಲ್ಲಿ ಹುಳು ಕೊರೆದ ತೂತಿತ್ತು, ಅಕ್ಕಪಕ್ಕದ ಹಾಳೆಗಳಲ್ಲಿ ಇರಲಿಲ್ಲ. ಧರ್ಮಪ್ಪ ಅದನ್ನು ಮೆಲ್ಲಗೆ ಬಿಡಿಸಿ ಇಪ್ಪತ್ತಮೂರರ ಮುಂದಿಟ್ಟ. ಅಲ್ಲಿನ ಹಾಳೆಗಳ ಮೂಲೆಯ ತೂತಿಗೆ ಇದರ ತೂತು ಸರಿಯಾಗಿ ಕೂತಿತು. ದಬ್ಬಳದ ಮೊನೆ ಮೂರೂ ಹಾಳೆಯಲ್ಲಿ ತಡೆಯಿಲ್ಲದೆ ಇಳಿಯಿತು. ನಾನೂರು ಐನೂರು ವರ್ಷದ ಹಿಂದೆ ಯಾವುದೋ ಹುಳು ಊಟ ಮಾಡಿದ ದಾರಿ ಅದು. ಧರ್ಮಪ್ಪ ಅಲ್ಲೇ ಹೊಲಿದುಬಿಟ್ಟ.

ಪರಮೇಶ್ವರಪ್ಪನವರು ಹಿಂದೆ ನಿಂತು ನೋಡುತ್ತಿದ್ದರು.

"ಏನು ಮಾಡ್ದೆ?"

"ಹಾಳೆ ಜಾಗ ತಪ್ಪಿತ್ತು ಯಜಮಾನ್ರೇ. ಅದರ ಮನೆಗೆ ಕಳಿಸ್ದೆ."

"ನಿನಗೆ ಲ್ಯಾಟಿನ್ ಬರುತ್ತಾ?"

"ಇಲ್ಲ."

"ಒಂದಕ್ಷರ ಬರದೆ ಗ್ರಂಥ ತಿದ್ದಿದ್ಯಾ? ನಾಳೆ ಆ ಫಾದರ್ ಎದುರು ನನ್ನ ಮುಖ ಎಲ್ಲಿಡ್ಲಿ ಮಾರಾಯ? ಹೇಗಿತ್ತೋ ಹಾಗೆ ಇಡು!"

ದಾರ ಬಿಚ್ಚಿ ಹಾಳೆಯನ್ನು ಹಳೆಯ ಜಾಗದಲ್ಲಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮರ್ಯಾದೆಗೂ ಮೋಸವಿರಲಿಲ್ಲ. ಧರ್ಮಪ್ಪ ದಬ್ಬಳ ಎತ್ತಿದ, ಹಾಳೆ ನೋಡಿದ. ಅಪ್ಪನೆದುರು ಚರ್ಮದ ಮಗ್ಗುಲು ತಿರುವುಮುರುವು ಹಾಕಿದಾಗ ಬೀಳುತ್ತಿದ್ದ ಏಟು ಬೆನ್ನಿಗೆ ನೆನಪಾಯಿತು. ದಬ್ಬಳ ಕೆಳಗಿಟ್ಟ.

"ಇಡಲ್ಲ ಯಜಮಾನ್ರೇ. ತಪ್ಪಾಗಿದ್ರೆ ನಾಳೆ ಗಾಂಧಿ ಬಜಾರಲ್ಲಿ ನಿಮ್ಮ ಪಕ್ಕ ನಾನೂ ನಿಂತು ಕೂಗ್ತೀನಿ."

ಆ ಸಂಜೆ ಮನೆಗೆ ಬಂದವನು ಉಣ್ಣದೆ ಕೂತದ್ದು ಕಂಡು ಪದ್ಮಮ್ಮ ಕೇಳಿದಳು, "ಏನಾಯ್ತ್ರೀ?"

"ಒಂದು ಹಾಳೆ ಹೊಲಿದೆ."

"ಒಂದು ಹಾಳೇಗೆ ಇಷ್ಟು ಮುಖಾನಾ? ಹಾಗಾದ್ರೆ ಪೂರ್ತಿ ಪುಸ್ತಕ ಹೊಲಿದ ದಿನ ನಿಮ್ಮನ್ನ ಹೊತ್ಕೊಂಡು ಬರ್ಬೇಕೇನೋ."

ಭಾನುವಾರ ಹತ್ತು ಗಂಟೆಗೆ ಫಾದರ್ ಲಿಗೋರಿ ಬಂದರು. ಬಿಳಿ ನಿಲುವಂಗಿ, ಶಿಲುಬೆ, ಗಡ್ಡ ಎಲ್ಲವನ್ನೂ ನಿರೀಕ್ಷಿಸಿದ್ದ ಮನೆಯವರಿಗೆ ಸಿಕ್ಕಿದ್ದು ಪ್ಯಾಂಟು, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದು ಟೇಪು, ಒಂದು ಭೂತಗನ್ನಡಿ. ಮೊದಲು ಅವರು ದರ್ಜಿಯ ಹಾಗೆ ಅಳತೆ ತೆಗೆದರು. ಆಮೇಲೆ ಹಾಳೆ ಎಣಿಸಿದರು. ಆಮೇಲೆ, "ಚರ್ಮ. ಆಡಿನದೇ" ಎಂದು ಬರೆದುಕೊಂಡರು. ಪರಮೇಶ್ವರಪ್ಪನವರು ಕೆಮ್ಮಿದರು. ಜಗದಾಂಬಾ ಬಾಗಿಲ ಮರೆಯಿಂದ ಗಂಡನ ಕಡೆ ಒಂದು ನೋಟ ಕಳಿಸಿದರು.

ಮೊದಲ ಹಾಳೆಯಲ್ಲಿ ಪುಸ್ತಕದ ಹಳೆಯ ಒಡೆಯರ ಹೆಸರಿನ ಸಾಲೇ ಇತ್ತು. ಫಾದರ್ ಬೆರಳಿಟ್ಟು ಓದಿದರು. ಎಲ್ಲಕ್ಕಿಂತ ಮೇಲೆ ಒಂದು ಮಠದ ಹೆಸರು: ಇದನ್ನು ಕದ್ದವನ ಕೈ ಉದುರಿಹೋಗಲಿ ಎಂಬ ಶಾಪದ ಸಮೇತ. ಅದರ ಕೆಳಗೆ ಒಂದು ಹೆಸರನ್ನು ಯಾರೋ ಚಾಕುವಿನಿಂದ ಹೆರೆದಿದ್ದರು.

"ಇವನೇ ಕದ್ದವನಿರ್ಬೇಕು" ಎಂದರು ಫಾದರ್. "ಕೈ ಉದುರೋ ಮೊದ್ಲು ಹೆಸರು ತೆಗ್ದಿದ್ದಾನೆ."

ಅದರ ಕೆಳಗೆ ಮುನ್ನೂರೈವತ್ತು ವರ್ಷದ ಹಿಂದಿನ ಒಬ್ಬ ವೈದ್ಯ. ಕೊನೆಗೆ ಪೆನ್ಸಿಲಿನಲ್ಲಿ ಹಾಫ್‌ಮನ್.

"ವೈದ್ಯರ ಹತ್ರ ಶಾಸ್ತ್ರಗ್ರಂಥ ಯಾಕಿತ್ತು ಫಾದರ್?" ಎಂದ ಮಲ್ಲಿಕ್.

"ಇದು ಶಾಸ್ತ್ರ ಅಲ್ಲ. ವೈದ್ಯದ ಪುಸ್ತಕ. ಜ್ವರ, ಕೆಮ್ಮು, ಹೊಟ್ಟೆನೋವು, ಮೂಳೆಮುರಿತ."

ಬಾಗಿಲ ಮರೆಯಲ್ಲಿ ಜಗದಾಂಬಾ ತಡೆಯಲಾರದೆ ನಕ್ಕರು. "ಜ್ವರದ ಪುಸ್ತಕ ತಲೆದಿಂಬಿನ ಹತ್ರಾನೇ ಇಟ್ಕೊಂಡು ಜ್ವರದಲ್ಲಿ ನಡುಗ್ತಿದ್ನಾ ಅವನು! ಅಜ್ಜಿ ಕಷಾಯದ ಮುಂದೆ ನಿನ್ನದೇನಿದೆ ಅಂತ ಪುಸ್ತಕಾನೇ ಸೋಲೊಪ್ಪಿಸಿ ಹೋಗಿದ್ದಾನೆ."

ಫಾದರ್ ನಗುತ್ತಲೇ ಪುಟ ತಿರುವಿದರು. ಇಪ್ಪತ್ತಮೂರಕ್ಕೆ ಬಂದರು. ಧರ್ಮಪ್ಪ ಗೋಡೆಗೊರಗಿ ನಿಂತಿದ್ದ. ಅವನ ಹೆಬ್ಬೆರಳು ಅಂಗಿಯ ಅಂಚನ್ನು ಉಜ್ಜುತ್ತಿತ್ತು.

"ಇಲ್ಲಿ ಅಂಚಲ್ಲಿ ಆ ಹಳೇ ವೈದ್ಯ ಒಂದು ಮಾತು ಬರ್ದಿದ್ದಾನೆ" ಎಂದರು ಫಾದರ್. "'ಇದರ ಮುಂದೆ ಒಂದು ಹಾಳೆ ಇಲ್ಲ' ಅಂತ. ಕೆಳಗೆ ಹಾಫ್‌ಮನ್ ಕೂಡ ಬರ್ದಿದ್ದಾನೆ: 'ಹುಡುಕಿದೆ, ಸಿಗಲಿಲ್ಲ.'" ಅವರು ಪುಟ ತಿರುವಿದರು. ತುಟಿ ಅಲುಗಾಡಿಸಿ ಓದಿದರು. ಹಿಂದೆ ತಿರುವಿದರು, ಮತ್ತೆ ಮುಂದೆ. ಕನ್ನಡಕ ತೆಗೆದರು.

"ಹಾಳೆ ಇದೆಯಲ್ಲ! ಕೆಮ್ಮಿನ ಔಷಧಿ ಅರ್ಧ ವಾಕ್ಯದಲ್ಲಿ ನಿಂತಿದೆ, 'ಜೇನಿನಲ್ಲಿ ಕುದಿಸಿ' ಅಂತ. ಈ ಹಾಳೆ ಅಲ್ಲಿಂದಲೇ ಶುರು ಆಗತ್ತೆ, 'ಬೆಳಿಗ್ಗೆ ಕುಡಿಸಬೇಕು' ಅಂತ. ಇದು ಎಲ್ಲಿತ್ತು?"

ಪರಮೇಶ್ವರಪ್ಪನವರು ಧರ್ಮಪ್ಪನ ಕಡೆ ಕೈ ತೋರಿದರು. ಧರ್ಮಪ್ಪ ಅರವತ್ತರ ಆಚೆಯ ಜಾಗ ತೆರೆದು ತೋರಿಸಿದ.

"ಇದು ಮೂಳೆಮುರಿತದ ಅಧ್ಯಾಯ!" ಫಾದರ್ ಲಿಗೋರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಗಹಗಹಿಸಿದರು. "ಮುನ್ನೂರೈವತ್ತು ವರ್ಷ ಕಾಲು ಮುರಿದವರಿಗೆಲ್ಲ ಜೇನು ಕುಡಿಸಿದ್ರೋ ಏನೋ! ಲ್ಯಾಟಿನ್ ಬಲ್ಲ ಇಬ್ರು ಇಡೀ ಆಯಸ್ಸು ಇಟ್ಕೊಂಡು ಹುಡುಕಿದ್ದಾರೆ. ನೀವು ಹೇಗೆ ಕಂಡುಹಿಡಿದ್ರಿ?"

ಧರ್ಮಪ್ಪನ ಕೈಯಲ್ಲಿ ಬಿಡಿಸಲು ದಾರದ ಗಂಟೂ ಇರಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನಮ್ಮಪ್ಪ ಕಲಿಸಿದ್ದು ಫಾದರ್" ಎಂದ. ಮೊದಲ ಮಾತು ಮೆಲ್ಲಗೆ ಬಂತು, ಎರಡನೆಯದು ಎದೆಯಿಂದ ಬಂತು. "ಹೊಳೆಹೊನ್ನೂರು ದುರ್ಗಪ್ಪ. ತಮಟೆಗೆ, ಡೊಳ್ಳಿಗೆ ಚರ್ಮ ಬಿಗೀತಿದ್ದ. ಕೂದಲಿನ ಮಗ್ಗುಲು ಯಾವುದು, ಮಾಂಸದ ಮಗ್ಗುಲು ಯಾವುದು ಅಂತ ಕತ್ತಲಲ್ಲಿ ಮುಟ್ಟಿ ಹೇಳ್ಬೇಕಿತ್ತು ನಾವು. ಈ ಪುಸ್ತಕ ಕಟ್ಟಿದವನೂ ಅದೇ ಲೆಕ್ಕದಲ್ಲಿ ಜೋಡಿಸಿದ್ದಾನೆ. ಈ ಒಂದು ಹಾಳೆ ಮಾತ್ರ ಲೆಕ್ಕ ತಪ್ಪಿತ್ತು. ಅಕ್ಷರ ನನಗೆ ಬರಲ್ಲ. ಚರ್ಮ ಬರುತ್ತೆ."

ಪರಮೇಶ್ವರಪ್ಪನವರು ಹೆಗಲ ಮೇಲಿನ ಶಲ್ಯ ತೆಗೆದು, ಮಡಚಿ, ಮತ್ತೆ ಹಾಕಿಕೊಂಡರು. ನಿನ್ನೆಯ ಸಿಟ್ಟನ್ನು ನುಂಗಲು ಗತ್ತಿಗೆ ಅಷ್ಟು ಹೊತ್ತು ಬೇಕಾಯಿತು. ಆಮೇಲೆ ಫಾದರ್ ಕಡೆ ತಿರುಗಿ, ಇದೆಲ್ಲ ಮೊದಲಿನಿಂದ ತಮಗೆ ಗೊತ್ತಿದ್ದ ಧಾಟಿಯಲ್ಲಿ, "ಅದಕ್ಕೇ ಫಾದರ್, ಕಟಿಂಗ್ ಮೆಷಿನ್ನಿನವರನ್ನ ಬಿಟ್ಟು ಇವನನ್ನೇ ಕರೆಸಿದ್ದು" ಎಂದರು. ಬಾಗಿಲ ಮರೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಫಾದರ್ ನೋಟುಬುಕ್ಕು ತೆರೆದರು. "ಪುಸ್ತಕ ಯಾರ್ಯಾರ ಕೈ ದಾಟಿ ಬಂತು ಅಂತ ಕೊನೇಲಿ ಬರೀಬೇಕು. ಮಠ, ಹೆಸರು ಹೆರೆದವನು, ವೈದ್ಯ, ಹಾಫ್‌ಮನ್, ಈ ಮನೆ. ಆಮೇಲೆ ನಿಮ್ಮದು. ಹೇಗೆ ಬರೀಲಿ?"

ಧರ್ಮಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತು, ತೂಗಿ ತೂಗಿ ಹೇಳಿದ. ಫಾದರ್ ಬರೆದುಕೊಂಡು ಓದಿದರು: "೧೯೯೮ರ ಜನವರಿಯಲ್ಲಿ, ಭದ್ರಾವತಿಯ ಪರಮೇಶ್ವರಪ್ಪನವರ ಮನೆಯಲ್ಲಿ, ಕಳೆದ ಹಾಳೆಯನ್ನು ಸ್ವಸ್ಥಾನದಲ್ಲಿ ಹೊಲಿದವನು ಶಿವಮೊಗ್ಗದ ಬೈಂಡರ್ ಧರ್ಮಪ್ಪ, ಹೊಳೆಹೊನ್ನೂರಿನಲ್ಲಿ ವಾದ್ಯಗಳಿಗೆ ಚರ್ಮ ಬಿಗಿಯುತ್ತಿದ್ದ ದುರ್ಗಪ್ಪನ ಮಗ."

"ಸರಿಯಿದೆ ಫಾದರ್" ಎಂದ ಧರ್ಮಪ್ಪ. "ಇನ್ನೊಂದ್ಸಲ ಓದಿ. ಸ್ವಲ್ಪ ಜೋರಾಗಿ. ಬೀದಿ ಬಾಗಿಲು ತೆಗೆದೇ ಇದೆ."